ಹಳೆಯ ಜೀಪಿಗೆ ಹೊಸ ಒಡಲು: ಹೊಣೆ ಹೊರಬೇಕಾದವರು ಮಾರುವವರು

ಹಳೆಯ ಜೀಪನ್ನು ಬಿಚ್ಚಿ, ಮಾರ್ಪಡಿಸಿ, ಮರಳಿ ಕಟ್ಟಿ ಮಾರುವ ಕಸುಬು ಬೆಂಗಳೂರಿನ ದಂಡು ಪ್ರದೇಶಕ್ಕೆ ಸಹಜವಾಗಿಯೇ ಒಗ್ಗಿದ ಕಸುಬು. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ನೆಲೆಗೊಂಡ ದಂಡಿನ ಸುತ್ತ ಬೆಳೆದ ಈ ಭಾಗದಲ್ಲಿ ಇಂದಿಗೂ ಸೇನೆಯ 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ. ಶಿವಾಜಿನಗರದ ಗುಜರಿಯಲ್ಲಿ ಬಿಡಿಭಾಗಗಳು ಸಿಗುತ್ತವೆ, ಟಿಂಕರಿಂಗ್ ಮತ್ತು ಲೇತ್ ಕೆಲಸದವರು ಕೂಗಳತೆಯಲ್ಲೇ ಇರುತ್ತಾರೆ, ಕೊಳ್ಳುವ ಶಕ್ತಿಯುಳ್ಳವರು ಇಂದಿರಾನಗರದಲ್ಲಿದ್ದಾರೆ. ಇಂಥ ವಾಹನಗಳು ರಸ್ತೆಗಿಳಿಯಬೇಕೇ ಬೇಡವೇ ಎಂಬ ವಾದದಲ್ಲಿ ಒಂದು ಪಕ್ಷ ಮಾರ್ಪಾಡಾದ ಜೀಪುಗಳನ್ನೆಲ್ಲ ಜಪ್ತಿ ಮಾಡಬೇಕೆನ್ನುತ್ತದೆ, ಇನ್ನೊಂದು ಪಕ್ಷ ಹವ್ಯಾಸಕ್ಕೆ ಕಾನೂನು ಅಡ್ಡ ಬರಬಾರದೆನ್ನುತ್ತದೆ. ಎರಡೂ ಪಕ್ಷಗಳ ಕಣ್ಣು ಓಡಿಸುವವನ ಮೇಲಿದೆಯೇ ಹೊರತು ಕಟ್ಟಿ ಮಾರಿದವನ ಮೇಲಿಲ್ಲ. ಈ ವಿವಾದದ ಮೂಲ ದೋಷ ಇರುವುದು ಅಲ್ಲಿಯೇ.

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ, ಅಂದರೆ ಜನರ ಮಾತಿನ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಬದಲಾಯಿಸುವಂತಿಲ್ಲ. ಮೂಲ ಲಕ್ಷಣವೇ ಬದಲಾಗುವಂತೆ ವಾಹನದ ರಚನೆಯಲ್ಲಿ ಮಾಡುವ ವ್ಯತ್ಯಾಸವನ್ನು ಕಾಯ್ದೆ 'ಮಾರ್ಪಾಡು' ಎಂದು ಕರೆಯುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ಕಲಮನ್ನು ಬಿಗಿಯಾಗಿ ಅರ್ಥೈಸಿ, ಮಾರ್ಪಾಡಿಗೆ ಅವಕಾಶ ಕೊಟ್ಟಿದ್ದ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಿಂದ ಕಾಯ್ದೆಗೆ ಸೇರಿದ 182ಎ ಕಲಮು ನಿಯಮ ಮೀರಿ ಮಾರ್ಪಡಿಸಿದ ಮಾಲೀಕನಿಗೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನು ಅಥವಾ 6 ತಿಂಗಳವರೆಗಿನ ಸೆರೆವಾಸವನ್ನು ಅಥವಾ ಎರಡನ್ನೂ ವಿಧಿಸುತ್ತದೆ.

ಇನ್ನೊಂದು ಕಡೆ, 50 ವರ್ಷ ದಾಟಿದ ವಾಹನಗಳನ್ನು ಪಾರಂಪರಿಕ ವಸ್ತುಗಳೆಂದು ಉಳಿಸಿಕೊಳ್ಳಲು ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ಪ್ರತ್ಯೇಕ ನಿಯಮಗಳನ್ನು ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಫಲಕದ ಮೇಲೆ 'ವಿಎ' ಎಂಬ ಗುರುತು, 10 ವರ್ಷಗಳ ಮಾನ್ಯತೆ ಅದರಲ್ಲಿವೆ. ಆದರೆ ಚಾಸಿ, ಒಡಲು, ಎಂಜಿನ್ನುಗಳು ಮೂಲ ರೂಪದಲ್ಲಿರಬೇಕು, ವಾಹನವನ್ನು ದಿನಬಳಕೆಗೆ ತರಬಾರದು ಎಂಬ ಷರತ್ತುಗಳೂ ಇವೆ. ಮ್ಯೂಸಿಯಮ್ಮಿಗೆ ತಕ್ಕ ಈ ಕಲ್ಪನೆಯು ಭಾರತದ ಜೀಪಿನ ಚರಿತ್ರೆಗೆ ಹೊಂದುವುದಿಲ್ಲ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಅವು ಅರಣ್ಯ ಇಲಾಖೆ, ಪೊಲೀಸು, ಕಾಫಿ ತೋಟಗಳ ಕೆಲಸಕ್ಕೆ ನಿಂತವು. ಪೆಟ್ರೋಲು ದುಬಾರಿಯಾದಾಗ ಅನೇಕ ಜೀಪುಗಳ ಮೂಲ ಎಂಜಿನ್ನು ಹೋಗಿ ಡೀಸೆಲ್ ಎಂಜಿನ್ನು ಬಂದಿತು, ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಲಾಯಿತು. ಜಬಲ್ಪುರದ ಸೇನಾ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ತಯಾರಾಗಿ, ಸೇವೆ ಮುಗಿಸಿ ಹರಾಜಿನಲ್ಲಿ ಹೊರಬಂದ ಜೊಂಗಾ ಎಂಬ ವಾಹನಗಳ ಪಾಡೂ ಬಹುಮಟ್ಟಿಗೆ ಇದೇ. ಈ ದೇಶದಲ್ಲಿ ಜೀಪು ಉಳಿದುಬಂದದ್ದೇ ರಿಪೇರಿಯಿಂದ; ಆ ರಿಪೇರಿಯನ್ನೇ ಅನರ್ಹತೆಯೆಂದು ಎಣಿಸುವ ನಿಯಮ ಪರಂಪರೆಯನ್ನು ಕಾಯಲಾರದು.

ಹಾಗೆಂದ ಮಾತ್ರಕ್ಕೆ ಹವ್ಯಾಸಿಗಳ ಪಕ್ಷ ಗೆದ್ದಂತಾಗುವುದಿಲ್ಲ. ಸಿಜೆ-3ಬಿ ಮಾದರಿಯ ಹಳೆಯ ಜೀಪಿನ ಒಂದೇ ಒಂದು ಚಕ್ರವನ್ನು ಹತ್ತಿರದಿಂದ ನೋಡಿದರೆ ಅಪಾಯ ಎಲ್ಲಿದೆಯೆಂಬುದು ತಿಳಿಯುತ್ತದೆ. ಅದರ ಬ್ರೇಕು 9 ಇಂಚಿನ ಡ್ರಮ್ಮು, ಅಂದರೆ ತಿರುಗುವ ಬಟ್ಟಲಿನ ಒಳಮೈಗೆ ಲೈನಿಂಗ್ ಅಂಟಿದ ಶೂಗಳು ಒತ್ತಿ ಚಕ್ರವನ್ನು ನಿಲ್ಲಿಸುವ ಹಳೆಯ ವ್ಯವಸ್ಥೆ. ಮೂಲ ಟೈರಿನ ವ್ಯಾಸ ಸುಮಾರು 28 ಇಂಚು. ನೋಟಕ್ಕೆ ಗಡಸಾಗಿರಲೆಂದು 31 ಇಂಚಿನ ಟೈರು ಹಾಕಿದ ಕೂಡಲೇ, ಅದೇ ಡ್ರಮ್ಮು ಅದೇ ಒತ್ತಡದಲ್ಲಿ ನೆಲಕ್ಕೆ ಮುಟ್ಟಿಸುವ ತಡೆಯ ಬಲ ಸುಮಾರು ಹತ್ತನೇ ಒಂದು ಪಾಲು ಕುಗ್ಗುತ್ತದೆ. ಅದರ ಮೇಲೆ ಭಾರವಾದ ಡೀಸೆಲ್ ಎಂಜಿನ್ನು ಕೂತು, ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನು ಚಾಸಿಗೆ ಹಿಡಿದಿಡುವ ಶ್ಯಾಕಲ್ಲುಗಳನ್ನು ಉದ್ದ ಮಾಡಿ ಗಾಡಿಯನ್ನು ಎತ್ತರಿಸಿದರೆ ಭಾರಕೇಂದ್ರ ಮೇಲೇರುತ್ತದೆ, ಸ್ಟೀರಿಂಗ್ ಸರಳಿನ ಕೋನ ಕೆಡುತ್ತದೆ, ಹಳ್ಳ ಹಾಯ್ದಾಗ ಚಕ್ರ ತಾನಾಗಿ ಪಕ್ಕಕ್ಕೆಳೆಯುತ್ತದೆ. ಬಣ್ಣದ ಹೊಳಪಿನ ಕೆಳಗೆ ಇವು ಯಾವುವೂ ಕಾಣುವುದಿಲ್ಲ. ಹಳೇ ಮದ್ರಾಸು ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಸಾಗುವ ಅಂಥ ಜೀಪಿನ ಮುಂದೆ ದ್ವಿಚಕ್ರ ವಾಹನದವನೊಬ್ಬ ಥಟ್ಟನೆ ನಿಂತಾಗ ಆ ಹತ್ತನೇ ಒಂದು ಪಾಲಿಗೆ ಬೆಲೆ ತೆರುವವನು ಜೀಪನ್ನು ಕಟ್ಟಿದವನಲ್ಲ.

ಇದಕ್ಕಿಂತ ಕೆಟ್ಟದ್ದು ಕಾಗದದ ವ್ಯಾಪಾರ. ವಾಹನ ನಾಶವಾದರೆ ಅಥವಾ ಬಳಕೆಗೆ ಬಾರದಂತಾದರೆ ಮಾಲೀಕನು 14 ದಿನಗಳೊಳಗೆ ತಿಳಿಸಿ ಆರ್‌ಸಿಯನ್ನು ಒಪ್ಪಿಸಬೇಕೆಂದು ಕಾಯ್ದೆಯ 55ನೇ ಕಲಮು ವಿಧಿಸುತ್ತದೆ. ಹಾಗೆ ಒಪ್ಪಿಸದೆ ಉಳಿದ ಆರ್‌ಸಿಯೇ ಸರಕಾಗಿ, ಸತ್ತ ಜೀಪಿನ ಸಂಖ್ಯೆಯನ್ನು ಬೇರೆ ಚಾಸಿಯ ಮೇಲೆ ಒತ್ತಿ, ಹೊಸದಾಗಿ ಕಟ್ಟಿದ ಒಡಲನ್ನು 1960ರ ದಶಕದ ವಿಲ್ಲೀಸ್ ಎಂದು ಮಾರಿದರೆ ಅದು ಹವ್ಯಾಸವೂ ಅಲ್ಲ, ಕಸುಬುದಾರಿಕೆಯೂ ಅಲ್ಲ, ಶುದ್ಧ ವಂಚನೆ. ಕೊಂಡವನು ಅಪಘಾತದ ಮಾರನೆಯ ದಿನ ವಿಮೆಯವರ ಮುಂದೆ ನಿಂತಾಗ, ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಗಾಡಿಯಲ್ಲಿ ಡೀಸೆಲ್ ಎಂಜಿನ್ನು ಇದ್ದರೆ, ಅವನ ಪಾಲಿಗೆ ಉಳಿಯುವುದು ಕೋರ್ಟಿನ ಅಲೆದಾಟ.

ಇಲ್ಲಿಯೇ ಕಾನೂನಿನ ಒಂದು ಮೂಲೆಯತ್ತ ಸಾರಿಗೆ ಇಲಾಖೆ ಗಮನ ಹರಿಸಬೇಕು. ಕಾಯ್ದೆಯ ವ್ಯಾಖ್ಯಾನದಲ್ಲಿ 'ಡೀಲರ್' ಎಂದರೆ ಷೋರೂಮಿನವನಷ್ಟೇ ಅಲ್ಲ, ಚಾಸಿಗೆ ಒಡಲು ಕಟ್ಟುವವನೂ ವಾಹನ ರಿಪೇರಿ ಮಾಡುವವನೂ ಡೀಲರೇ. ನಿಯಮ ಮೀರಿದ ವಾಹನವನ್ನು ಮಾರಿದ ಅಥವಾ ಮಾರ್ಪಡಿಸಿದ ಡೀಲರಿಗೆ 182ಎ ಕಲಮು ವಾಹನವೊಂದಕ್ಕೆ 1 ಲಕ್ಷ ರೂಪಾಯಿ ದಂಡ ಅಥವಾ 1 ವರ್ಷದವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ಹೇಳುತ್ತದೆ. ಆದರೆ ವಾಹನದ ದೋಷವನ್ನು ಎದುರಿಗಿದ್ದವನಿಗೆ ಮೊದಲೇ ತಿಳಿಸಿದ್ದೆನೆಂದು ಸಾಬೀತುಪಡಿಸಿದರೆ ಅವನು ಪಾರಾಗುತ್ತಾನೆ. ತಿಳಿಸಿದ್ದು ಬಾಯಿಮಾತೇ, ಬರಹವೇ ಎಂಬುದನ್ನು ಕಲಮು ಹೇಳುವುದಿಲ್ಲ. ದಂಡ ಮಾಲೀಕನಿಗೆ, ಬಿಡುಗಡೆ ಮಾರಿದವನಿಗೆ ಎಂಬ ಈ ಏರ್ಪಾಡು ಅನ್ಯಾಯದ್ದು.

ಬ್ರಿಟನ್ನಿನ ನೋಂದಣಿ ಸಂಸ್ಥೆ ಬಹುಕಾಲ ಅನುಸರಿಸಿದ ಅಂಕಪದ್ಧತಿ ಇಲ್ಲಿ ವಿಚಾರಕ್ಕೆ ಯೋಗ್ಯವಾದುದು. ಅದರಲ್ಲಿ ಚಾಸಿಗೆ 5 ಅಂಕ, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್‌ಗಳಿಗೆ ತಲಾ 2, ಎಂಜಿನ್ನಿಗೆ ಕೇವಲ 1. ಮಾರ್ಪಾಡಾಗದ ಚಾಸಿಯೊಂದಿಗೆ ಒಟ್ಟು 8 ಅಂಕ ಸಿಕ್ಕರೆ ಹಳೆಯ ನೋಂದಣಿ ಸಂಖ್ಯೆ ಉಳಿಯುತ್ತಿತ್ತು, ಸಿಗದಿದ್ದರೆ ಆ ಒಂದು ವಾಹನವನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿ, ಅದರ ವಯಸ್ಸು ಅನಿಶ್ಚಿತವೆಂದು ಸಾರುವ ಬೇರೆ ಸಂಖ್ಯೆ ಕೊಡಲಾಗುತ್ತಿತ್ತು. ವಾಹನದ ಗುರುತು ಎಂಜಿನ್ನಿನಲ್ಲಿಲ್ಲ, ಬೆನ್ನೆಲುಬಿನಲ್ಲಿದೆ ಎಂಬ ವಿವೇಕ ಆ ಪದ್ಧತಿಯಲ್ಲಿದೆ. ಇಂಥ ಪರೀಕ್ಷೆ ಇಲ್ಲಿ ಲಂಚಕ್ಕೆ ಇನ್ನೊಂದು ಬಾಗಿಲು ತೆರೆಯುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಪರೀಕ್ಷೆಯೇ ಇಲ್ಲದ ಇಂದಿನ ಸ್ಥಿತಿಯಲ್ಲಿ ಪ್ರಾಮಾಣಿಕ ಮೇಸ್ತ್ರಿಗೆ ಅರ್ಜಿ ಹಾಕುವ ಬಾಗಿಲು ಕೂಡ ಇಲ್ಲ, ಬೀದಿಯಲ್ಲಿ ಹಿಡಿದಾಗ ಚೌಕಾಸಿಗೆ ಇಳಿಯುವವನಿಗೆ ಮಾತ್ರ ದಾರಿಯಿದೆ.

ಮೂಲಕ್ಕಿಂತ ಭಿನ್ನವಾದ ಅಂಶಗಳನ್ನೂ ಚಾಸಿ ಸಂಖ್ಯೆಯ ಛಾಯಾಚಿತ್ರವನ್ನೂ ಒಳಗೊಂಡು, ಕಟ್ಟಿದವನ ಮತ್ತು ಮಾರಿದವನ ಸಹಿಯಿರುವ ಲಿಖಿತ ವಿವರಪತ್ರವಿಲ್ಲದೆ ಇಂದಿರಾನಗರದ ಕೆಎ-03, ಕೆ.ಆರ್. ಪುರದ ಕೆಎ-53 ಸೇರಿದಂತೆ ಯಾವ ಕಚೇರಿಯಲ್ಲೂ ಹಳೆಯ ಜೀಪಿನ ಮಾಲೀಕತ್ವ ವರ್ಗಾವಣೆ ಆಗಬಾರದು; ಬ್ರೇಕು, ಸ್ಟೀರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದ ರಿಪೇರಿಯನ್ನು ಆರ್‌ಸಿಯಲ್ಲಿ ದಾಖಲಿಸುವ ದಾರಿಯನ್ನು ಕೇಂದ್ರ ಸರ್ಕಾರ ತೆರೆಯಬೇಕು. ಇವೆರಡೂ ಆಗುವವರೆಗೆ, ಜೀಪು ಕೊಳ್ಳಹೊರಟವರು ಚಾಸಿಯ ಮೇಲಿನ ಬಣ್ಣ ಕೆರೆಸಿ, ಒತ್ತಿದ ಸಂಖ್ಯೆಯನ್ನು ಹಗಲು ಬೆಳಕಿನಲ್ಲಿ ಅಕ್ಷರಕ್ಕೆ ಅಕ್ಷರ ಆರ್‌ಸಿಯೊಂದಿಗೆ ತಾಳೆ ನೋಡದೆ ಮುಂಗಡ ಕೊಡಬಾರದು.