ಉಪೋತ್ಪನ್ನವೆಂಬ ಸಬೂಬು

ಜೈನ ಶ್ರಾವಕನು ತನ್ನ ಆಹಾರದ ವಿಷಯದಲ್ಲಿ ತೋರುವ ಎಚ್ಚರವು ಲೋಕಪ್ರಸಿದ್ಧವಾದುದು. ಸೂರ್ಯಾಸ್ತಕ್ಕೆ ಮುನ್ನ ಊಟ, ಸೋಸಿದ ನೀರು, ಕಂದಮೂಲಗಳ ತ್ಯಾಗ ಇವು ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿವೆ. ಆದರೆ ಅದೇ ಮನೆಯ ಬಚ್ಚಲಿನ ಸಾಬೂನು, ಕನ್ನಡಿಯ ಮುಂದಿನ ಮುಲಾಮು, ಮದುಮಗಳ ತುಟಿರಂಗು ಯಾವ ಪದಾರ್ಥದಿಂದ ಆದವೆಂದು ಕೇಳಿದರೆ ಉತ್ತರವಿಲ್ಲ. ಈ ಮೌನವನ್ನು ಪ್ರಶ್ನಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಪ್ರಶ್ನೆಯನ್ನು ಮೊದಲು ನನಗೇ ಹಾಕಿಕೊಳ್ಳುತ್ತೇನೆ; ಏಕೆಂದರೆ ಅಫಜಲಪುರದ ಪೇಟೆಯಲ್ಲಿ ನಾಲ್ಕು ದಶಕಗಳ ಕಾಲ ಈ ವಸ್ತುಗಳನ್ನು ಮಾರಿ ಲಾಭ ಪಡೆದವರಲ್ಲಿ ನಾನೂ ಒಬ್ಬ.

1983ರಲ್ಲಿ ನಾನು ಬಿ.ಕಾಂ. ಮುಗಿಸಿ ತಂದೆಯವರ ಅಂಗಡಿಯಲ್ಲಿ ಕುಳಿತ ಹೊಸತು. ವನಸ್ಪತಿಯಲ್ಲಿ ಹೊರದೇಶದ ದನದ ಕೊಬ್ಬು ಬೆರೆತಿದೆಯೆಂಬ ಸುದ್ದಿಯಿಂದ ದೇಶವೇ ತಲ್ಲಣಿಸಿತು. ಸರ್ಕಾರವು ಅದರ ಆಮದನ್ನು ನಿಷೇಧಿಸಿತು. ತಂದೆಯವರು ವನಸ್ಪತಿಯ ಡಬ್ಬಿಗಳನ್ನೆಲ್ಲ ಅಂಗಡಿಯಿಂದ ಹೊರಗಿಡಿಸಿದರು. ಆದರೆ ಕೊಬ್ಬು ಸಾಬೂನಿನ ಕಚ್ಚಾ ಮಾಲೂ ಹೌದೆಂಬುದನ್ನು ಆಗ ಬಲ್ಲವರೇ ಆಗಿದ್ದರೂ ಸಾಬೂನಿನ ಪೆಟ್ಟಿಗೆಗಳನ್ನು ನಾವು ಮುಟ್ಟಲಿಲ್ಲ.

ಎರಡು ವರ್ಷಗಳ ಹಿಂದೆ ದಶಲಕ್ಷಣ ಪರ್ವಕ್ಕೆಂದು ಆಳಂದದಿಂದ ಬಂದಿದ್ದ ಮೊಮ್ಮಗಳು ಅಂಗಡಿಯಲ್ಲಿದ್ದ ತುಟಿರಂಗೊಂದರ ಬರಹವನ್ನು ಓದಿ, “ಅಜ್ಜಾ, ಇದರೊಳಗ ಸಿ.ಐ. 75470 ಅಂತ ಬರದಾರ, ಹಂಗಂದ್ರ ಏನು?” ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ವಿಚಾರಿಸಲಾಗಿ, ಅದು ಕಾರ್ಮೈನ್ ಎಂಬ ಕೆಂಪು ಬಣ್ಣದ ಸಂಖ್ಯೆಯೆಂದು ತಿಳಿಯಿತು. ಪೆರು ಮೊದಲಾದ ದೇಶಗಳಲ್ಲಿ ಪಾಪಾಸುಕಳ್ಳಿಯ ಮೇಲೆ ಬೆಳೆಸಿದ ಕಾಚಿನೀಲ್ ಕೀಟಗಳನ್ನು ಕೊಂದು, ಒಣಗಿಸಿ, ಅರೆದು ಈ ಬಣ್ಣವನ್ನು ತೆಗೆಯುತ್ತಾರೆ. ನೀರನ್ನು ಸೋಸಿ ಕುಡಿಯುವ ಮನೆತನದವನು ಆ ಕೀಟಗಳ ಪುಡಿಯನ್ನು ಪರ್ವದ ದಿನವೇ ಮಾರಾಟಕ್ಕಿಟ್ಟಿದ್ದನು.

ಅಂದಿನಿಂದ ಬರಹಗಳನ್ನು ಓದುವ ಅಭ್ಯಾಸವಾಯಿತು. ಸೋಡಿಯಂ ಟ್ಯಾಲೋವೇಟ್ ಎಂದರೆ ಪಶುವಿನ ಕೊಬ್ಬಿನಿಂದಾದ ಸಾಬೂನು. ಲ್ಯಾನೋಲಿನ್ ಕುರಿಯ ಉಣ್ಣೆಯ ಜಿಡ್ಡು. ಕೊಲ್ಲಾಜನ್ ಮತ್ತು ಜೆಲಟಿನ್ ಪಶುಗಳ ಅಥವಾ ಮೀನುಗಳ ಚರ್ಮ, ಮೂಳೆಗಳಿಂದ ಬರುವಂಥವು. ಸ್ಕ್ವಾಲೀನನ್ನು ಬಹುಕಾಲದಿಂದ ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತ ಬಂದಿದ್ದಾರೆ. ಇನ್ನು ಸ್ಟಿಯರಿಕ್ ಆಮ್ಲ, ಗ್ಲಿಸರಿನ್‌ಗಳು ಸಸ್ಯದಿಂದಲೂ ಆಗಬಹುದು, ಕೊಬ್ಬಿನಿಂದಲೂ ಆಗಬಹುದು. ಹೆಸರು ಮಾತ್ರ ಒಂದೇ. ತಮ್ಮ ಮುಲಾಮಿನ ಸ್ಟಿಯರಿಕ್ ಆಮ್ಲವು ಯಾವ ಮೂಲದ್ದೆಂದು ತಯಾರಕರೊಬ್ಬರಿಗೆ ಪತ್ರ ಬರೆದೆ. ತಮ್ಮ ಗುಣಮಟ್ಟ ಅತ್ಯುತ್ತಮವೆಂದು ಎರಡು ಪುಟಗಳ ಉತ್ತರ ಬಂದಿತು. ಕೇಳಿದ ಪ್ರಶ್ನೆಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಈ ಮಾತನ್ನೆತ್ತಿದಾಗ ನಮ್ಮವರೇ ಮೂರು ಆಕ್ಷೇಪಗಳನ್ನು ಮುಂದಿಡುತ್ತಾರೆ.

ಹಚ್ಚಿಕೊಳ್ಳುವುದು ತಿಂದಂತಲ್ಲ ಎಂಬುದು ಮೊದಲನೆಯದು. ಹಿಂಸೆಯನ್ನು ನಮ್ಮ ಆಚಾರ್ಯರು ನಾಲಗೆಯಿಂದ ಅಳೆಯಲಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದ ಅಳೆದರು. ಕೊಂಡವನು ಮಾಡಿಸಿದವನೇ ಆಗುತ್ತಾನೆ. ಜೇನನ್ನು ತ್ಯಜಿಸುವುದು ಶ್ರಾವಕನ ಮೂಲಗುಣಗಳಲ್ಲೊಂದು. ಹಾಗಿರುವಾಗ ಅದೇ ಹುಟ್ಟಿನ ಮೇಣವನ್ನು ತುಟಿಗೆ ಹಚ್ಚಿಕೊಳ್ಳುವುದು ಹೇಗೆ ಸರಿಯಾದೀತು? ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಹೇಳುವ ಹದಿನೈದು ನಿಷಿದ್ಧ ವೃತ್ತಿಗಳಲ್ಲಿ ಲಾಕ್ಷಾವಾಣಿಜ್ಯ, ಅಂದರೆ ಅರಗಿನ ವ್ಯಾಪಾರವೂ ಒಂದು. ಅರಗು ತಿನ್ನುವ ಪದಾರ್ಥವಲ್ಲ. ಆದರೂ ಅದರ ಹಿಂದಿರುವ ಕೀಟವು ಆ ಕಾಲದ ವ್ಯಾಪಾರಿಗೆ ಕಾಣಬೇಕೆಂದು ಆಚಾರ್ಯರು ಬಯಸಿದರು.

ಎರಡನೆಯದು ಬಹಳ ಜನ ಒಪ್ಪಿರುವ ಆಕ್ಷೇಪ: ಪಶುವನ್ನು ಕೊಲ್ಲುವುದು ಮಾಂಸಕ್ಕಾಗಿ, ಕೊಬ್ಬು, ಚರ್ಮ, ಮೂಳೆಗಳು ಉಪೋತ್ಪನ್ನ ಮಾತ್ರ, ನಾವು ಕೊಳ್ಳದಿದ್ದರೂ ಪಶು ಉಳಿಯದು. ಇದನ್ನು ಹೇಳುವವರು ವ್ಯಾಪಾರಿಗಳಾಗಿದ್ದರೆ ನನಗೆ ಆಶ್ಚರ್ಯವೇ ಆಗುತ್ತದೆ. ನಮ್ಮ ಜಿಲ್ಲೆಯ ತೊಗರಿ ಬೇಳೆ ಗಿರಣಿಯ ಯಜಮಾನರನ್ನು ಕೇಳಿ ನೋಡಿ. ಹೊಟ್ಟು, ನುಚ್ಚುಗಳನ್ನು ದನದ ಮೇವಿಗೆ ಮಾರಿ ಬಂದ ಹಣವನ್ನು ಹಿಡಿಯದೆ ಅವರು ಬೇಳೆಯ ದರವನ್ನು ಕಟ್ಟುವುದಿಲ್ಲ. ವೆಚ್ಚ ಲೆಕ್ಕಶಾಸ್ತ್ರದಲ್ಲಿ ನಾವು ಓದಿದ್ದೂ ಅದನ್ನೇ: ಉಪೋತ್ಪನ್ನದ ಹುಟ್ಟುವಳಿಯನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಬೇಕು. ಕಸಾಯಿಖಾನೆಯಲ್ಲಿ ಒಂದು ಪಶುವಿನ ಮೇಲೆ 100 ರೂಪಾಯಿ ವೆಚ್ಚವೆಂದು ಇಟ್ಟುಕೊಳ್ಳೋಣ. ಕೊಬ್ಬು, ಚರ್ಮ, ಮೂಳೆಗಳಿಂದ 20 ರೂಪಾಯಿ ಬಂದರೆ ಮಾಂಸವು ಹೊರಬೇಕಾದುದು 80 ರೂಪಾಯಿ ಮಾತ್ರ. ಆ 20 ರೂಪಾಯಿಯನ್ನು ಕಟ್ಟಿಕೊಟ್ಟವರಲ್ಲಿ ಮಾಂಸವನ್ನು ಕಣ್ಣಿನಿಂದಲೂ ನೋಡದ ನಾವೂ ಸೇರಿದ್ದೇವೆ. ಮಾಂಸ ಅಗ್ಗವಾಗುವುದಕ್ಕೆ ನಮ್ಮ ಸಾಬೂನು ಹಣ ಕೊಟ್ಟಿದೆ. ನಮ್ಮ ಖಾತೆಯಲ್ಲಿ ಇಂತಹ ಬಾಬು ಇಲ್ಲವೆಂದು ಯಾವ ಲೆಕ್ಕಿಗನೂ ಸಹಿ ಹಾಕಲಾರ.

ಸಸ್ಯಮೂಲದಲ್ಲಿಯೂ ಹಿಂಸೆಯಿದೆ ಎಂಬುದು ಮೂರನೆಯದು. ಇದು ನಿಜ. ತಾಳೆ ಎಣ್ಣೆಗಾಗಿ ಇಂಡೋನೇಷಿಯಾ, ಮಲೇಷಿಯಾಗಳ ಕಾಡುಗಳು ಕಡಿದುಹೋಗಿ ಒರಾಂಗುಟಾನ್‌ಗಳು ನೆಲೆ ಕಳೆದುಕೊಂಡಿವೆ. ಹೊಲ ಉಳುವಾಗಲೂ ಜೀವಹಾನಿ ತಪ್ಪದು. ಆದ್ದರಿಂದ ಸಸ್ಯವೆಂಬ ಒಂದೇ ಮಾತಿಗೆ ಸಮಾಧಾನಪಡಬಾರದು. ಆದರೆ ಗೃಹಸ್ಥನಿಗೆ ಅನಿವಾರ್ಯವೆಂದು ಕ್ಷಮಿಸಿದ ಆರಂಭೀ, ಉದ್ಯೋಗೀ ಹಿಂಸೆಗಳ ನೆರಳಿನಲ್ಲಿ ಅಲಂಕಾರವನ್ನು ಅಡಗಿಸಲಾಗದು. ತುಟಿ ಕೆಂಪಾಗದಿದ್ದರೆ ಯಾರ ಸಂಸಾರವೂ ನಿಲ್ಲದು. ಏಕೇಂದ್ರಿಯ ಜೀವಕ್ಕೂ ಪಂಚೇಂದ್ರಿಯ ಜೀವಕ್ಕೂ ಆಗಮಗಳು ಮಾಡಿದ ಭೇದವನ್ನು ನಮ್ಮ ಅನುಕೂಲಕ್ಕಾಗಿ ಅಳಿಸುವುದೂ ಸಲ್ಲದು.

ಬದಲಿ ಪದಾರ್ಥಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ನಡುವೆ ಅಕ್ಕಡಿಯಾಗಿ ಬಿತ್ತುವ ಕುಸುಬಿಯ ಎಸಳಿನಲ್ಲಿಯೇ ಕೆಂಪು ಬಣ್ಣವಿದೆ. ಜಪಾನಿನ ಹೆಂಗಸರು ಶತಮಾನಗಳಿಂದ ಹಚ್ಚಿಕೊಂಡ ‘ಬೆನಿ’ ಎಂಬ ತುಟಿರಂಗು ಆ ಹೂವಿನದೇ. ಕಾಳಿನ ಎಣ್ಣೆ ಚರ್ಮಕ್ಕೂ ಹಿತ. ಉಣ್ಣೆಯ ಜಿಡ್ಡಿನ ಬದಲಿಗೆ ಔಡಲ ಎಣ್ಣೆ ಮತ್ತು ಕೋಕಂ ಬೀಜದ ತುಪ್ಪ, ಜೇನುಮೇಣದ ಬದಲಿಗೆ ಅಕ್ಕಿ ತೌಡಿನ ಮೇಣ, ಸಾಬೂನಿಗೆ ತೆಂಗು, ಬೇವು, ಔಡಲಗಳ ಎಣ್ಣೆ, ಶಾರ್ಕಿನ ಸ್ಕ್ವಾಲೀನಿಗೆ ಆಲಿವ್ ಎಣ್ಣೆಯಿಂದ ತೆಗೆದದ್ದು ಇವೆಲ್ಲ ಇಂದು ದೊರೆಯುತ್ತವೆ. ಕಡಲೆಹಿಟ್ಟು, ಅಂಟುವಾಳ, ಸೀಗೆಕಾಯಿಗಳನ್ನು ನಮ್ಮ ಅಜ್ಜಿಯಂದಿರು ಯಾರಿಂದಲೂ ಕಲಿತು ಬಳಸಲಿಲ್ಲ.

ಕಾನೂನು ನಮ್ಮನ್ನು ಕಾಯುವುದೆಂದು ಕೂರುವಂತಿಲ್ಲ. ಆಹಾರದ ಪೊಟ್ಟಣಗಳ ಮೇಲೆ ಹಸಿರು, ಕಂದು ಗುರುತುಗಳು 2001ರಿಂದ ಬಂದವು. ಸೌಂದರ್ಯ ಸಾಧನಗಳಿಗೂ ಅಂಥ ಗುರುತು ಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2002ರಲ್ಲಿ ನೀಡಿದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ರದ್ದುಪಡಿಸಿತು. 2014ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನಿಷೇಧ ಬಂದುದು ಸ್ತುತ್ಯರ್ಹ. ಆದರೆ ಪ್ರಾಣಿಗಳ ಮೇಲೆ ಪ್ರಯೋಗಿಸಿಲ್ಲವೆಂದರೆ ಪ್ರಾಣಿಜನ್ಯ ವಸ್ತು ಇಲ್ಲವೆಂದು ಅರ್ಥವಲ್ಲ. ‘ಹರ್ಬಲ್’ ಎಂಬ ಮಾತೂ ಅಷ್ಟೇ. ಬೇವಿನ ಎಲೆಯ ಚಿತ್ರದ ಹಿಂದೆ ಲ್ಯಾನೋಲಿನ್ ಇರಬಹುದು.

ಆದುದರಿಂದ ವ್ಯಾಪಾರಿ ಬಂಧುಗಳಲ್ಲಿ ನನ್ನ ವಿನಂತಿ: ಮೂಲವನ್ನು ಬರಹದಲ್ಲಿ ತಿಳಿಸದ ತಯಾರಕರ ಮಾಲನ್ನು ತರಿಸಬೇಡಿ. ನಾನು ಅಂಥವನ್ನು ನಿಲ್ಲಿಸಿ ಒಂದೂವರೆ ವರ್ಷವಾಯಿತು. ಗಿರಾಕಿಗಳು ಕೆಲವರು ಎದುರಿನ ಅಂಗಡಿಗೆ ಹೋದರು, ಹುಟ್ಟುವಳಿ ಇಳಿದಿದೆ, ಅದನ್ನು ಮರೆಮಾಚುವುದಿಲ್ಲ. ಸಹೋದರಿಯರಲ್ಲಿಯೂ ಒಂದು ಪ್ರಾರ್ಥನೆ: ಬರುವ ದಶಲಕ್ಷಣ ಪರ್ವಕ್ಕೆ ಮುನ್ನ ಅಡುಗೆಮನೆಯನ್ನು ಶುದ್ಧಿಗೊಳಿಸುವಾಗ, ಬಚ್ಚಲಿನ ಗೂಡನ್ನೂ ಕನ್ನಡಿಯ ಕೆಳಗಿನ ಡಬ್ಬಿಯನ್ನೂ ಒಮ್ಮೆ ತೆರೆದು ಓದಿರಿ. ಅಕ್ಷರ ಸಣ್ಣದಾಗಿದ್ದರೆ ಮನೆಯ ಮಕ್ಕಳನ್ನು ಕರೆಯಿರಿ. ನನಗೆ ಓದಿ ಹೇಳಿದವಳೂ ಮೊಮ್ಮಗಳೇ.