ಪುಸ್ತಕಕ್ಕೂ ತಕ್ಕಡಿಯೇ?

ಮೊನ್ನೆ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ವಾಣಿಜ್ಯ ವಿಭಾಗದ ಮಿತ್ರರೊಬ್ಬರು ನನ್ನನ್ನು ಕೆಣಕಿದರು: "ಪುಸ್ತಕವೂ ಉಪ್ಪು, ಸಕ್ಕರೆಗಳಂತೆ ಒಂದು ಸರಕು. ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುವುದು ಜಾಣತನ. ಇದರಲ್ಲಿ ಕಣ್ಣೀರು ಹಾಕುವಂಥದೇನಿದೆ, ಮೇಷ್ಟ್ರೇ?" ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಅವರ ಮಾತು ಅರ್ಧ ನಿಜ. ಅರ್ಧ ನಿಜಕ್ಕೆ ಉತ್ತರ ಹೇಳುವುದೇ ಕಷ್ಟ.

ಸಕ್ಕರೆಯ ವಿಷಯದಲ್ಲಿ ಅವರು ಹೇಳುವುದು ಸರಿ. ಮಂಡ್ಯದ್ದಾದರೇನು, ಬೆಳಗಾವಿಯದಾದರೇನು, ಕಾಫಿಗೆ ಎರಡೂ ಒಂದೇ. ಹೀಗೆ ಒಂದರ ಬದಲು ಇನ್ನೊಂದು ನಡೆಯುವ ಕಡೆ ಅಂಗಡಿ ಅಂಗಡಿಗೆ ಉಳಿಯುವ ವ್ಯತ್ಯಾಸ ಬೆಲೆಯೊಂದೇ. ಪೈಪೋಟಿಯಲ್ಲಿ ಬಂಡವಾಳವಿದ್ದವನು ತಾಳುತ್ತಾನೆ, ಸಣ್ಣವನು ಬಾಗಿಲು ಹಾಕುತ್ತಾನೆ. ಆದರೆ 'ಮಲೆಗಳಲ್ಲಿ ಮದುಮಗಳು' ಕೇಳಿ ಬಂದವನಿಗೆ, ಅಷ್ಟೇ ದಪ್ಪದ ಅಡುಗೆಯ ಪುಸ್ತಕವಿದೆ ಎಂದರೆ ನಡೆದೀತೇ?

"ಅದೇ ಕಾದಂಬರಿಯ ಪ್ರತಿ ಎಲ್ಲಿ ಕೊಂಡರೂ ಒಂದೇ ತಾನೆ?" ಎಂದು ಮಿತ್ರರು ಕೇಳಬಹುದು. ಪ್ರತಿ ಒಂದೇ, ಒಪ್ಪಿದೆ. ಆದರೆ ಆ ಪುಸ್ತಕ ಇದೆಯೆಂದು ನನಗೆ ಹೇಳಿದವನು, ನಾಲ್ಕು ಪುಟ ತಿರುವಿ ನೋಡಲು ಬಿಟ್ಟವನು, ಹೆಸರಿಲ್ಲದ ಹೊಸಬನ ಕವನಗಳನ್ನು ಕಪಾಟಿನಲ್ಲಿಟ್ಟು ಕಾದವನು ಪುಸ್ತಕದಂಗಡಿಯವನು. ಅವನ ಅಂಗಡಿಯಲ್ಲಿ ನೋಡಿ, ಅಂತರಜಾಲದಲ್ಲಿ ರಿಯಾಯಿತಿಗೆ ಕೊಳ್ಳುವ ನಾವು ಅವನ ತಿಳಿವಳಿಕೆಯನ್ನು ಪುಕ್ಕಟೆಯಾಗಿ ಪಡೆಯುತ್ತಿದ್ದೇವೆ.

ಇಂಗ್ಲೆಂಡಿನಲ್ಲಿ, ಪ್ರಕಾಶಕರು ಗೊತ್ತುಮಾಡಿದ ಬೆಲೆಗಿಂತ ಕಡಿಮೆಗೆ ಅಂಗಡಿಯವರು ಮಾರಬಾರದೆಂಬ ಒಪ್ಪಂದ 1900ರಿಂದ ಇತ್ತು. ಪುಸ್ತಕ ಉಳಿದ ಸರಕಿನಂತಲ್ಲವೆಂದು 1962ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 1997ರಲ್ಲಿ ನ್ಯಾಯಾಲಯವೇ ಅದನ್ನು ತಳ್ಳಿಹಾಕಿತು. 2007ರಲ್ಲಿ ಹ್ಯಾರಿ ಪಾಟರ್ ಮಾಲೆಯ ಕಡೆಯ ಕಾದಂಬರಿ ಬಂದಾಗ, 17.99 ಪೌಂಡು ಮುಖಬೆಲೆಯ ಪ್ರತಿಯನ್ನು ದಿನಸಿಯ ದೊಡ್ಡ ಮಳಿಗೆಯೊಂದು 5 ಪೌಂಡಿಗೆ ಮಾರಿತು. ಪುಸ್ತಕ ಅಲ್ಲಿ ಗಿರಾಕಿಯನ್ನು ಒಳಕ್ಕೆ ಕರೆಯುವ ಗಾಳದ ಹುಳು. ಪುಸ್ತಕವನ್ನೇ ನಂಬಿದ ಅಂಗಡಿಯವನು ಆ ಬೆಲೆಗೆ ಹೇಗೆ ಮಾರಿಯಾನು? ಫ್ರಾನ್ಸಿನವರು 1981ರಲ್ಲೇ ಕಾನೂನು ಮಾಡಿ, ಹೊಸ ಪುಸ್ತಕಕ್ಕೆ ನೂರಕ್ಕೆ 5ಕ್ಕಿಂತ ಹೆಚ್ಚು ರಿಯಾಯಿತಿ ಕೂಡದೆಂದರು. ಅವರೇನು ವ್ಯಾಪಾರ ತಿಳಿಯದವರೇ?

ಪರದೇಶದ ಮಾತಿರಲಿ, ನಮ್ಮ ಮನೆಯ ತಕ್ಕಡಿ ಇನ್ನೂ ವಿಚಿತ್ರವಾದದ್ದು. ನಮ್ಮ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಆ ಗ್ರಂಥಾಲಯಗಳಿಗೆ ಸಗಟು ಖರೀದಿ ನಡೆಯುವಾಗ ಪುಸ್ತಕಕ್ಕೆ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಹತ್ತು ವರ್ಷ ತಿದ್ದಿದ 64 ಪುಟದ ಕವನ ಸಂಕಲನಕ್ಕೆ ಒಂದು ಪಾಲು ಬಂದರೆ, ಅಲ್ಲಿಂದಿಲ್ಲಿಂದ ಕೂಡಿಹಾಕಿದ 640 ಪುಟದ ಹೊತ್ತಗೆಗೆ ಹತ್ತು ಪಾಲು! ಪುಟಕ್ಕೇ ಹಣವೆಂದಮೇಲೆ ಪುಟ ಬೆಳೆಯದೆ ಇನ್ನೇನು ಬೆಳೆದೀತು? ಓದುಗನ ಮುಖವನ್ನೇ ನೋಡದೆ, ಖರೀದಿಯ ಪಟ್ಟಿಗಾಗಿಯೇ ಅಚ್ಚಾಗುವ ಪುಸ್ತಕಗಳು ಹುಟ್ಟುವುದು ಹೀಗೆ.

ನಾನು ಅಗ್ಗದ ಪುಸ್ತಕದ ವೈರಿಯಲ್ಲ, ಮಾರಾಟದ ವೈರಿಯೂ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅದು ವ್ಯಾಪಾರವೇ, ಆದರೆ ಗಂಟು ಹೊತ್ತವನಿಗೆ ಗಂಟಿನಲ್ಲಿ ಏನಿದೆಯೆಂಬುದು ಗೊತ್ತಿತ್ತು. ಇಂದು ಮಾರುವವನಿಗೂ ಕೊಳ್ಳುವವನಿಗೂ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಗೊತ್ತು: ಪುಟ, ತೂಕ, ರಿಯಾಯಿತಿ.

ಗ್ರಂಥಾಲಯದವರು ಪುಟ ಎಣಿಸುವ ಮೊದಲು ಪುಟ ಓದಲಿ. ನಾವು ಓದುಗರೂ ಅಂಗಡಿಯ ಮೆಟ್ಟಿಲು ಹತ್ತಿದಾಗ "ಎಷ್ಟು ಕಡಿಮೆ ಮಾಡುತ್ತೀರಿ?" ಎಂದು ಕೇಳುವುದಕ್ಕೆ ಮುಂಚೆ "ಒಳ್ಳೆಯದು ಏನು ಬಂದಿದೆ?" ಎಂದು ಕೇಳೋಣ. ಆ ಪ್ರಶ್ನೆಗೆ ಉತ್ತರ ಹೇಳಬಲ್ಲವನು ಊರಿನಲ್ಲಿ ಒಬ್ಬನಾದರೂ ಉಳಿದಿರುವಾಗಲೇ ಕೇಳುವುದು ಮೇಲು.