ರೈಲು ಶಿಕಾರಿಪುರಕ್ಕೆ ಬರಲಿ, ಸೊರಬವನ್ನೂ ಮುಟ್ಟಲಿ!

ಕ್ಯಾಸನೂರು ಹಾಗೂ ಸುತ್ತಲಿನ ಹಳ್ಳಿಗಳ ಹಿರಿಯರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಸೊರಬ ಈ ನಾಡಿಗೆ ಬಂಗಾರಪ್ಪನವರನ್ನು ಕೊಟ್ಟಿತು, ಶಿಕಾರಿಪುರ ಯಡಿಯೂರಪ್ಪನವರನ್ನು ಕೊಟ್ಟಿತು. ಅಕ್ಕಪಕ್ಕದ ಎರಡು ತಾಲ್ಲೂಕು, ಇಬ್ಬರು ಮುಖ್ಯಮಂತ್ರಿಗಳು. ಆದರೂ ಈ ಎರಡರಲ್ಲಿ ಎಲ್ಲಿಯೂ ರೈಲು ಹತ್ತಲು ಒಂದು ನಿಲ್ದಾಣವಿಲ್ಲ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಆನಂದಪುರ, ಸಾಗರ ದಾಟಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಅಲ್ಲಿಂದ ಮುಂದೆ ಇಂದಿಗೂ ಹಳಿ ಇಲ್ಲ. ಮೀಟರ್‌ಗೇಜಿನ ಮೇಲೆ ರೈಲುಬಸ್ಸು ಓಡುತ್ತಿದ್ದ ದಿನಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅದು ಬ್ರಾಡ್‌ಗೇಜ್ ಆಯಿತು, ಈಗ ಮೈಸೂರಿಗೆ ಕುವೆಂಪು ಎಕ್ಸ್‌ಪ್ರೆಸ್ ಓಡುತ್ತಿದೆ. ನಾವು ಮಾತ್ರ ಗಂಟುಮೂಟೆ ಹೊತ್ತು, ಮಕ್ಕಳ ಕೈಹಿಡಿದು, ಸಾಗರಕ್ಕೋ ಹಾವೇರಿಗೋ ಬಸ್ಸು ಕಾಯುತ್ತೇವೆ.

2023ರ ಫೆಬ್ರುವರಿ 27ರಂದು ಪ್ರಧಾನಿಯವರು ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ಹೊಸ ಮಾರ್ಗಕ್ಕೆ ಶಂಕುಸ್ಥಾಪನೆ ಮಾಡಿದರು. ಅಂದಾಜು ವೆಚ್ಚ 990 ಕೋಟಿ ರೂಪಾಯಿ. ಇದು ಶಿಕಾರಿಪುರದವರ ಮಾರ್ಗ, ನಮಗೇನು ಎಂದು ಸೊರಬದವರು ಸುಮ್ಮನಿರಬೇಡಿ. ಶಿವಮೊಗ್ಗದಲ್ಲಿ ರೈಲು ಹತ್ತಿದವರು ಹುಬ್ಬಳ್ಳಿಗೆ ಹೋಗಬೇಕಾದರೆ ಇವತ್ತು ಮೊದಲು ದಕ್ಷಿಣಕ್ಕೆ ಬೀರೂರಿಗೆ ಇಳಿದು, ಅಲ್ಲಿಂದ ತಿರುಗಿ ಉತ್ತರಕ್ಕೆ ಏರಬೇಕು. ರಾಣೆಬೆನ್ನೂರಿನಲ್ಲಿ ಹಳಿ ಕೂಡಿದರೆ ಈ ಸುತ್ತು ತಪ್ಪುತ್ತದೆ. ಬೆಳಗಾವಿ, ಪುಣೆ, ಮುಂಬೈ ಕಡೆಯ ದೂರದ ಗಾಡಿಗಳು ಮಲೆನಾಡಿನ ಅಂಚಿನಲ್ಲೇ ಹಾದುಹೋಗಬಹುದು.

ಅದೇ ದಿನ ಶಿವಮೊಗ್ಗದ ಬಳಿಯ ಕೋಟೆಗಂಗೂರಿನ ಕೋಚಿಂಗ್ ಡಿಪೋಗೂ ಅಡಿಗಲ್ಲು ಬಿತ್ತು. ಇದರ ಬೆಲೆ ಜನಕ್ಕೆ ಇನ್ನೂ ತಿಳಿದಿಲ್ಲ. ದೂರದ ಗಾಡಿ ಒಂದು ಊರಿನಿಂದ ಹೊರಡಬೇಕಾದರೆ ಬೋಗಿಗಳನ್ನು ತೊಳೆಯಲು, ನೀರು ತುಂಬಲು, ಗಾಲಿ-ಬ್ರೇಕು ಪರೀಕ್ಷಿಸಲು ಅಲ್ಲಿ ಜಾಗ ಬೇಕು. ಆ ಜಾಗ ಸಿದ್ಧವಾದರೆ, ಶಿವಮೊಗ್ಗದಿಂದ ಹೊಸ ಗಾಡಿ ಕೊಡಿ ಎಂದು ಕೇಳುವ ನಮ್ಮ ಮಾತಿಗೆ ಬಲ ಬರುತ್ತದೆ.

ಹಾಗಾದರೆ ತಡ ಯಾಕೆ? ಇಂಥ ಮಾರ್ಗಗಳು ಹೆಚ್ಚಾಗಿ ನಿಲ್ಲುವುದು ಜಮೀನಿನ ಕಡತದಲ್ಲಿ. ಭೂಮಿ ಬಿಟ್ಟುಕೊಡುವ ರೈತನಿಗೆ ನ್ಯಾಯವಾದ ಪರಿಹಾರ ಮೊದಲು ಕೈಸೇರಲಿ, ಅವನನ್ನು ಕಚೇರಿಯಿಂದ ಕಚೇರಿಗೆ ಅಲೆಸಬೇಡಿ. ಅದು ಆಗದೆ ರೈಲು ಬರಲಿ ಎಂದು ಕೂಗುವುದು ನಮಗೂ ಶೋಭೆಯಲ್ಲ. ಶಿಕಾರಿಪುರ ನಿಲ್ದಾಣ ತೆರೆದ ದಿನದಿಂದಲೇ ಗಾಡಿಯ ಸಮಯಕ್ಕೆ ಹೊಂದುವಂತೆ ಸೊರಬ, ಆನವಟ್ಟಿ, ಕ್ಯಾಸನೂರಿಗೆ ಬಸ್ಸು ಬೇಕು. ಶಿಕಾರಿಪುರದಿಂದ ಸೊರಬಕ್ಕೆ ಹಳಿ ಎಳೆಯುವ ಸಮೀಕ್ಷೆಯೂ ನಡೆಯಲಿ. ಅನಾನಸು, ಶುಂಠಿ ಬೆಳೆಯುವ ನಮ್ಮ ಸೀಮೆಗೆ ಪಾರ್ಸೆಲ್ ಬೋಗಿ ಇರುವ ಗಾಡಿ ಬೇಕು. ಬಳ್ಳಿಗಾವಿ, ತಾಳಗುಂದ, ಉಡುತಡಿ, ಚಂದ್ರಗುತ್ತಿಗೆ ಬರುವ ದೂರದೂರಿನ ಭಕ್ತರಿಗೂ ಅದೇ ದಾರಿ.

ಇಲ್ಲಿ ಒಂದು ಮಾತನ್ನು ಕ್ಯಾಸನೂರಿನವರೇ ಹೇಳಬೇಕು. 1957ರಲ್ಲಿ ನಮ್ಮ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ನರಳಿದರು. ಅಂದಿನಿಂದ ಪ್ರಪಂಚದ ವೈದ್ಯಪುಸ್ತಕಗಳಲ್ಲಿ ನಮ್ಮೂರ ಹೆಸರು ಒಂದು ಕಾಯಿಲೆಯ ಹೆಸರು. ಕಾಡಿನ ತಂಟೆಗೆ ಹೋದರೆ ಏನಾದೀತು ಎಂಬುದನ್ನು ಅನುಭವಿಸಿ ಬಲ್ಲವರು ನಾವು. ಆದ್ದರಿಂದ ಹಳಿ ಬಯಲಿನಲ್ಲಿ ಬರಲಿ, ಕಾನು ಕಡಿದು ಬರುವುದು ಬೇಡ. ಆ ಕಾಯಿಲೆ ಹರಡುವ ಉಣ್ಣೆಹುಳದ ಭಯದಲ್ಲಿ ಬೇಸಿಗೆ ಕಳೆಯುವ ನಮಗೆ ದೊಡ್ಡಾಸ್ಪತ್ರೆಯ ಊರಿಗೆ ಬೇಗ ತಲುಪುವ ದಾರಿಯೂ ಬೇಕು, ಕಾಡೂ ಬೇಕು.

ಬಂಧುಗಳೇ, ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಬನ್ನಿ. ಪಕ್ಷ, ಜಾತಿ ಹೊರಗಿಟ್ಟು ಬನ್ನಿ. ಈ ಬೇಡಿಕೆಗಳನ್ನು ನಿರ್ಣಯವಾಗಿ ಬರೆಸೋಣ. ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ, ಶಿವಮೊಗ್ಗ ಮತ್ತು ಹಾವೇರಿಯ ಜಿಲ್ಲಾಧಿಕಾರಿಗಳಿಗೆ, ಸಂಸದರಿಗೆ ಅದರ ಪ್ರತಿ ಕಳಿಸೋಣ. ಉತ್ತರ ಬರುವವರೆಗೆ ಪ್ರತಿ ಗ್ರಾಮಸಭೆಯಲ್ಲೂ ಮತ್ತೆ ಬರೆಸೋಣ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ, ಓದಲು ಬಾರದವರಿಗೆ ಓದಿ ಹೇಳಿ.